ಸೀಸೆದಾಗಿನ ತೊಗಲಿನ ವಾಸನಿ

ಇವತ್ತ ತೊಗರಿ ಮಾತು ಬಿಟ್ಟು ಸೆಂಟಿನ ಮಾತು ಬರೀಲಿಕತ್ತೀನಿ. ನಗಬ್ಯಾಡ್ರಿ, ಪೂರಾ ಓದ್ರಿ.

ಪುಣೆದಾಗ ನೌಕರಿ ಮಾಡೋ ನಮ್ಮ ಅಕ್ಕನ ಮಗ ಊರಿಗೆ ಬಂದಾಗ ಒಂದು ಸೀಸೆ ತಂದಿದ್ದ. "ಲೆದರ್ ಪರ್ಫ್ಯೂಮ್ ಮಾಮಾ, ಎಲ್ಲಾರಿಗೂ ಇದು ತಡಕೊಳ್ಳೋದಾಗಂಗಿಲ್ಲ" ಅಂದ. ರೇಟು ಕೇಳಿದರ ಒಂದು ಕ್ವಿಂಟಲ್ ತೊಗರಿಗಿಂತ ಜಾಸ್ತಿ. 2025-26ರ ತೊಗರಿ ಬೆಂಬಲ ಬೆಲೆ 8,000 ರೂಪಾಯಿ, ನಿಮಗ ಗೊತ್ತೇ ಅದ. ಎರಡು ಸಲ ಅಂಗಿಗೆ ಹೊಡಕೊಂಡು ಅಫಜಲಪುರ ಸಂತಿಗೆ ಹ್ವಾದೆ.

ಮೊದಲು ಸುಟ್ಟ ಕಟ್ಟಿಗಿ ಹೊಗಿ ವಾಸನಿ, ಆಮ್ಯಾಲೆ ಥೇಟ್ ಹೊಸ ಮಿಣಿ ವಾಸನಿ. ಬಿಸಿಲು ಏರಿದಂಗ ಅದೂ ಏರ್ತು. ಬಸ್ಸಿನಾಗ ಬಾಜು ಕುಂತಾವ ಎದ್ದು ಹೋಗಿ ನಿಂತ. ಚಾ ಅಂಗಡ್ಯಾಗ ಗೆಳೆಯ ಒಬ್ಬ, "ಏನಪಾ, ಚಪ್ಪಲಿ ಹೊಲಿಯೋ ಕೆಲಸ ಹಿಡದಿ ಏನು?" ಅಂದ. ಎಲ್ಲಾರೂ ನಕ್ಕರು, ನಾನೂ ನಕ್ಕೆ. ಮನಿಗೆ ಬಂದ ಮ್ಯಾಲೆ ಆ ಮಾತು ಚುಚ್ಚಲಿಕತ್ತಿತು.

ನಾನು ಸಣ್ಣಾವ ಇದ್ದಾಗ ಎತ್ತಿನ ಮಿಣಿ, ಬಾರಕೋಲು, ಕಾಲಾಗಿನ ಕೆರ ಎಲ್ಲಾ ನಮ್ಮೂರ ಸಮಗಾರನ ಕೈಯಿಂದ ಬರತಿದ್ದವು. ಸುಗ್ಗ್ಯಾಗ ಆಯದ ಜ್ವಾಳ ಕೊಡತಿದ್ದೆವು. ಆದರ ಅಂವ ಅಂಗಳದಾಗೇ ನಿಲ್ಲಬೇಕು. ಅಂವ ಇಟ್ಟ ಕೆರದ ಮ್ಯಾಲೆ ನೀರು ಚಿಮುಕಿಸಿ ಒಳಗ ತರತಿದ್ದರು. ನಮ್ಮಪ್ಪನ ವಾರಿಗಿಯಾವ, ಆದರೂ ನಾವು ಹುಡುಗರು ಹೆಸರು ಹಿಡದೇ ಕರೀತಿದ್ದೆವು. ಕೇಳಿದರ "ವಾಸನಿ ಬರ್ತದ" ಅನ್ನೋರು. ನಾನೂ ಮೂಗು ಮುಚ್ಚಿಕೊಂಡಾವನೇ.

ಆ ವಾಸನಿ ಸುಮ್ಮನೆ ಬಂದದ್ದಲ್ಲ. ಸುಣ್ಣದ ನೀರಾಗ ನೆನೆಸಿ ಕೂದಲು ತೆಗದು, ಜಾಲಿ ತೊಗಟಿ, ಅಳಲೆಕಾಯಿ ರಸದಾಗ ದಿನಗಟ್ಟಲೆ ಇಟ್ಟು ತೊಗಲು ಹದ ಮಾಡಬೇಕು. ಅದೊಂದು ವಿದ್ಯೆ. ಸೀಸೆದಾಗ ನೋಡಿದರ ಬಹಳ ಮಾಡಿ ತೊಗಲೇ ಇರಂಗಿಲ್ಲ. ಬರ್ಚ್ ಅನ್ನೋ ಮರದ ತೊಗಟಿಯಿಂದ ತೆಗೆದ ಟಾರು, ಐಸೋಬ್ಯುಟೈಲ್ ಕ್ವಿನೋಲಿನ್ ಅನ್ನೋ ರಾಸಾಯನಿಕ ಹಾಕಿ ಆ ವಾಸನಿ ಹುಟ್ಟಿಸ್ತಾರ. ಫ್ರಾನ್ಸ್ ದೇಶದಾಗ ಸೆಂಟಿಗೆ ಹೆಸರಾದ ಗ್ರಾಸ್ ಅನ್ನೋ ಊರು ಮೊದಲು ತೊಗಲು ಹದ ಮಾಡೋ ಊರೇ. ತೊಗಲಿನ ಕೈಗವಸು ನಾರ್ತಾವ ಅಂತ ಅವಕ್ಕ ಸುಗಂಧ ಹಚ್ಚತಿದ್ದರು. ಅವಾಗ ತೊಗಲಿನ ವಾಸನಿ ಮುಚ್ಚಲಿಕ್ಕೆ ಸೆಂಟು, ಈಗ ಸೆಂಟಿನಾಗೇ ತೊಗಲಿನ ವಾಸನಿ!

ಅದಕ್ಕ ನಾ ಹೇಳೋದು, ಒಂದೇ ವಾಸನಿ ಸೀಸೆದಾಗ ಇದ್ದರ ಶೋಕಿ, ಮನುಷ್ಯಾನ ಮೈಮ್ಯಾಲೆ ಇದ್ದರ ಮೈಲಿಗಿ ಹೆಂಗ ಆಗ್ತದ? ಸಮಗಾರ ಹರಳಯ್ಯನ ಕಲ್ಯಾಣ ಆಳಂದದಿಂದ ದೂರೇನಿಲ್ಲ. ಗಂಡ ಹೆಂಡತಿ ತಮ್ಮ ತೊಡಿ ತೊಗಲಿನಿಂದ ಬಸವಣ್ಣಗ ಕೆರ ಮಾಡಿದ ಕಥಿ ಪುರಾಣದಾಗ ಕೇಳಿ ಕಣ್ಣೀರು ಹಾಕ್ತೀವಿ. ಪುರಾಣ ಮುಗಿಸಿ ಹೊರಗ ಬಂದರ ಕಟ್ಟಿ ಮ್ಯಾಲೆ ಅವನ ಕುಲದಾವಗ ಜಾಗ ಇಲ್ಲ.

"ಈಗ ಎಲ್ಲಿ ಅದ ಅದೆಲ್ಲಾ" ಅಂತೀರಿ. ಖರೇ, ಮಿಣಿ ನೈಲಾನ್ ಆಗ್ಯಾದ, ಕೆರ ಪ್ಲಾಸ್ಟಿಕ್ ಆಗ್ಯಾವ, ಅವನ ಕಸುಬು ಹೋಗ್ಯಾದ. ಕಸುಬು ಹೋದರೂ ದೂರ ಕೂಡಿಸೋದು ಹೋಗಿಲ್ಲ.

ಮೊನ್ನೆ ಆ ಸಮಗಾರನ ಮಗನ್ನ ಮನಿಗೆ ಕರದೆ. "ಬಾರಣ್ಣ, ಕೂಡು" ಅಂತ ಮಂಚ ತೋರಿಸಿದೆ. ಇಬ್ಬರೂ ಚಾ ಕುಡದೆವು. ಚಾ ಮುಗಿಯೋತನಕ ಅಂವ ಮಂಚದ ತುದಿಗೇ ಕುಂತಿದ್ದ.

ನಿಮ್ಮ ನಿಮ್ಮ ಊರಾಗ ಹೆಂಗ ಅದ, ಖರೇ ಹೇಳ್ರಿ.