ಶಟರಿಗೂ ಕಣ್ಣಿರಲಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಈಗ ಕಾರ್ ಶೆಡ್ಡಿಗೂ ರಿಮೋಟ್ ಶಟರ್ ಬಂದಿದೆ. ಮಳೇಲಿ ಇಳಿಯೋದು ತಪ್ಪಿತು, ಸರಿ. ಆದ್ರೆ ಹುಲಿಕಲ್, ಆಗುಂಬೆ ಸೀಮೆಯ ಮಳೆಗಾಲ ಕಬ್ಬಿಣವನ್ನ ಸುಮ್ನೆ ಬಿಡುತ್ತಾ?

ತುಕ್ಕಿಗಿಂತ ನನಗೆ ಭಯ ಸೆನ್ಸರಿನದು. ಬಾಗಿಲ ಎರಡೂ ಬದಿ, ನೆಲದಿಂದ ಅರ್ಧ ಅಡಿಯೊಳಗೆ ಕೂರಿಸುವ ಪುಟ್ಟ ಕಣ್ಣುಗಳವು. ನಡುವಿನ ಬೆಳಕು ತುಂಡಾದ್ರೆ ಇಳಿಯುತ್ತಿರುವ ಶಟರ್ ನಿಲ್ಲಬೇಕು, ಇಲ್ಲವೇ ಮೇಲೇರಬೇಕು. ಅಮೆರಿಕದಲ್ಲಿ ಮಕ್ಕಳು ಸಿಕ್ಕಿ ಸತ್ತ ಮೇಲೆ, 1993ರಿಂದ ತಯಾರಾಗುವ ಮನೆಬಾಗಿಲ ಮೋಟಾರುಗಳಿಗೆ ಇಂಥದೊಂದು ರಕ್ಷಣೆ ಕಡ್ಡಾಯ. ನಮ್ಮ ಕಡೆ ಕಣ್ಣಿಲ್ಲದ ಶಟರೂ ಉಂಟು. ನಿಮ್ಮದೂ ಹಾಗಿದ್ರೆ ಮೊದಲು ಹಾಕಿಸಿ.

ಹಬ್ಬಕ್ಕೆ ಊರಿಗೆ ಹೋದಾಗ ಒಮ್ಮೆ ನೋಡಿ. ಶಟರ್ ಇಳೀತಿರುವಾಗ ಪಕ್ಕಕ್ಕೆ ನಿಂತು ಮಡಚಿದ ಕೊಡೆಯನ್ನ ಕಣ್ಣಿಗೆ ಅಡ್ಡ ಹಿಡೀರಿ, ಕಾಲನ್ನಲ್ಲ. ನಿಲ್ಲದಿದ್ರೆ ಜೇಡರ ಬಲೆ, ಕೆಸರು ಒರೆಸಿ ಮತ್ತೆ ನೋಡಿ. ಆಗಲೂ ಇಳೀತಾ ಇದ್ರೆ ಸ್ವಿಚ್ ಆಫ್ ಮಾಡಿ, ಮೆಕ್ಯಾನಿಕ್ಕನ್ನ ಕರೆಸಿ. ಸ್ಪ್ರಿಂಗಿಗಂತೂ ನೀವು ಕೈ ಹಾಕಲೇಬೇಡಿ. ಬಿಗಿದಿಟ್ಟ ಸ್ಪ್ರಿಂಗ್ ಬಿಚ್ಚಿದ್ರೆ ಮೂಳೆ ಮುರಿಯುತ್ತೆ.

ಕರೆಂಟ್ ಹೋದಾಗ ಶಟರನ್ನ ಕೈಯಲ್ಲೇ ಎತ್ತೋದು ಹೇಗೆ ಅಂತ ಅಮ್ಮನಿಗೂ ತೋರಿಸಿ. ರಿಮೋಟನ್ನ ಮಾತ್ರ ಮೊಮ್ಮಕ್ಕಳಿಗೆ ಎಟುಕದ ಮೊಳೆಗೆ ಸಿಕ್ಕಿಸಿ ಬನ್ನಿ.