ಮಧ್ಯಾಹ್ನದ ಡೇರೆಯಲ್ಲಿ ಹಾಡಿದವರು

ಸದಸ್ಯ ಬಾಂಧವರು ಕ್ಷಮಿಸಬೇಕು. ಕೊಳೆರೋಗ, ಕಾಂಡಕೊರಕ, ಗೊಬ್ಬರದ ದಾಸ್ತಾನು, ಧಾರಣೆಯ ಏರಿಳಿತ ಇವನ್ನು ಬಿಟ್ಟು ಈ ಪುಟದಲ್ಲಿ ಬೇರೆ ಮಾತು ಬರುವುದು ಅಪರೂಪ. ಈ ಸಲ ಹಾಡಿನ ವಿಷಯ ಬರೆಯುತ್ತಿದ್ದೇವೆ. ಅದಕ್ಕೆ ಕಾರಣ ನಮ್ಮ ಸಂಘದ್ದೇ ಒಂದು ತೀರ್ಮಾನ.

ಕಳೆದ ವಾರ್ಷಿಕ ಮಹಾಸಭೆಗೆ ಒಂದು ತಿಂಗಳು ಮುಂಚೆ ನಮ್ಮ ತಾಲ್ಲೂಕಿನವರೇ ಆದ ನಾಲ್ಕು ಜನ ಹುಡುಗರು ಕಛೇರಿಗೆ ಬಂದಿದ್ದರು. ಇಬ್ಬರು ನಮ್ಮ ಸದಸ್ಯರ ಮಕ್ಕಳು. ತಾವೇ ಬರೆದು ತಾವೇ ರಾಗ ಕಟ್ಟಿದ ಕನ್ನಡ ಹಾಡುಗಳಿವೆ, ಗಿಟಾರು, ಡ್ರಮ್ಮು, ಒಂದು ಚಂಡೆ ಇಟ್ಟುಕೊಂಡು ಹಾಡುತ್ತೇವೆ, ಸಭೆಯ ಸಂಜೆ ನಲವತ್ತು ನಿಮಿಷ ಕೊಡಿ ಎಂದು ಕೇಳಿದರು. ಕಾರ್ಯಕಾರಿ ಸಮಿತಿಯಲ್ಲಿ ಚರ್ಚೆಯಾಯಿತು. ಚರ್ಚೆ ಎನ್ನುವುದು ದೊಡ್ಡ ಮಾತು, ಐದು ನಿಮಿಷ ಆಗಿರಬಹುದು. ‘ಗೊತ್ತಿಲ್ಲದ ಹಾಡು ಯಾರು ಕೇಳುತ್ತಾರೆ’ ಎಂದು ಒಬ್ಬರು ಹೇಳಿದರು, ಉಳಿದವರು ತಲೆಯಾಡಿಸಿದರು. ಪೇಟೆಯಿಂದ ಸಿನಿಮಾ ಹಾಡಿನ ಆರ್ಕೆಸ್ಟ್ರಾ ಕರೆಸಿದ್ದಾಯಿತು. ಆ ಠರಾವಿಗೆ ಕಾರ್ಯದರ್ಶಿಯೆಂದು ಸಹಿ ಹಾಕಿದವರು ನಾವೇ. ಆ ಹುಡುಗರಿಗೆ ಫೋನು ಮಾಡಿ ‘ಮುಂದಿನ ವರ್ಷ ನೋಡೋಣ’ ಎಂದವರೂ ನಾವೇ. ಮುಂದಿನ ವರ್ಷ ನೋಡೋಣ ಎಂದರೆ ಏನು ಅರ್ಥವೆಂದು ಸಾಲದ ಅರ್ಜಿ ಕೊಟ್ಟ ಎಲ್ಲರಿಗೂ ಗೊತ್ತು.

ಅದು ತಪ್ಪು ತೀರ್ಮಾನವೆಂದು ಈಗ ಹೇಳಬೇಕಾಗಿದೆ. ಬೇರೆ ಯಾರಿಗೆ ತಿಳಿಯದಿದ್ದರೂ ನಮಗೆ ತಿಳಿಯಬೇಕಾಗಿತ್ತು. ಯಾಕೆಂದರೆ 2023ರ ಜೂನ್ ತಿಂಗಳಲ್ಲಿ ನಾವು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ಇದ್ದೆವು.

ಇದನ್ನು ಓದಿ ಕೆಲವರು ನಗಬಹುದು. ಮಗಳು ಬ್ರಿಸ್ಟಲ್ ನಗರದಲ್ಲಿ ಉದ್ಯೋಗದಲ್ಲಿದ್ದಾಳೆ. ಆ ಉತ್ಸವದ ಟಿಕೇಟಿಗೆ ಮೊದಲೇ ಭಾವಚಿತ್ರ ಸಹಿತ ಹೆಸರು ನೋಂದಾಯಿಸಬೇಕು, ಕೊಂಡ ಮೇಲೆ ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. 2022ರ ನವೆಂಬರಿನಲ್ಲಿ ಮಾರಾಟ ತೆರೆದಾಗ ಒಂದು ತಾಸಿನಲ್ಲಿ ಎಲ್ಲ ಮುಗಿದುಹೋಯಿತಂತೆ. ಒಂದಕ್ಕೆ 335 ಪೌಂಡ್, ಮೇಲೆ ಕಾದಿರಿಸುವ ಶುಲ್ಕ 5 ಪೌಂಡ್. ರೂಪಾಯಿಗೆ ಪರಿವರ್ತಿಸಿ ಇಲ್ಲಿ ಬರೆಯುವ ಧೈರ್ಯ ನಮಗಿಲ್ಲ. ‘ಅಪ್ಪಯ್ಯ, ಅದು ಹಾಲು ಕರೆಯುವವನ ಜಮೀನು, ಒಂದು ಸಲ ನೋಡು’ ಎಂದು ಮಗಳು ಹೇಳಿದ್ದರಿಂದಲೇ ಒಪ್ಪಿದ್ದು. ಅಡಿಕೆಗೆ ಮೊದಲ ಔಷಧಿ ಹೊಡೆಸಿ, ಎರಡನೆಯದನ್ನು ತಮ್ಮನಿಗೆ ವಹಿಸಿ ಹೊರಟೆವು. ಹಾಡು ಕೇಳಬೇಕೆಂಬ ಆಸೆಗಿಂತ, ಒಂದು ಜಮೀನಿನಲ್ಲಿ ಎರಡು ಲಕ್ಷ ಜನರನ್ನು ಐದು ದಿನ ಹೇಗೆ ಇಟ್ಟುಕೊಳ್ಳುತ್ತಾರೆ ಎಂಬ ಕುತೂಹಲವೇ ಹೆಚ್ಚಾಗಿತ್ತು.

ಆ ಜಮೀನಿನ ಚರಿತ್ರೆ ಬೆಳೆಗಾರರು ತಿಳಿಯತಕ್ಕದ್ದು. ಸಾಮರ್‌ಸೆಟ್ ಪ್ರಾಂತ್ಯದ ಪಿಲ್ಟನ್ ಎಂಬ ಹಳ್ಳಿ, ವರ್ದಿ ಫಾರ್ಮ್ ಎಂದು ಅದರ ಹೆಸರು. ತಂದೆ ತೀರಿಕೊಂಡಾಗ ಮೈಕಲ್ ಈವಿಸ್ ಹಡಗಿನ ಕೆಲಸ ಬಿಟ್ಟು ಬಂದು 1954ರಲ್ಲಿ ಜಮೀನು ವಹಿಸಿಕೊಂಡರು. ಆಗ ಅವರಿಗೆ 19 ವರ್ಷ. 1970ರಲ್ಲಿ ಬಾತ್ ನಗರದ ಹತ್ತಿರ ನಡೆದ ಒಂದು ದೊಡ್ಡ ಸಂಗೀತೋತ್ಸವ ನೋಡಿ, ನನ್ನ ಹುಲ್ಲುಗಾವಲಿನಲ್ಲೂ ಇಂಥದ್ದು ಮಾಡಬಾರದೇಕೆ ಎಂದು ಅದೇ ವರ್ಷ ಸೆಪ್ಟೆಂಬರ್ 19ರಂದು ಮಾಡಿಯೇಬಿಟ್ಟರು. ಪ್ರವೇಶ ಒಂದು ಪೌಂಡ್, ಅದರಲ್ಲಿ ಕೊಟ್ಟಿಗೆಯ ಹಾಲು ಉಚಿತ. ಬಂದವರು ಸುಮಾರು 1,500 ಜನ. ಬರಬೇಕಾಗಿದ್ದ ಕಿಂಕ್ಸ್ ಎಂಬ ತಂಡ ಬರಲಿಲ್ಲ. ಅವರ ಬದಲಿಗೆ ಟಿರನೊಸಾರಸ್ ರೆಕ್ಸ್ ತಂಡ ಬಂತು. ಅವರ ಸಂಭಾವನೆ 500 ಪೌಂಡನ್ನು ಒಮ್ಮೆಲೇ ಕೊಡಲಾರದೆ, ತಿಂಗಳಿಗೆ 100ರಂತೆ ಹಾಲಿನ ಹಣ ಬಂದ ಹಾಗೆ ತೀರಿಸಿದೆನೆಂದು ಈವಿಸ್ ಹೇಳಿಕೊಂಡಿದ್ದಾರೆ. ಹಾಲಿನ ಬಟವಾಡೆಯಿಂದ ಹಾಡಿನ ಸಾಲ ತೀರಿಸಿದ ಮನುಷ್ಯನ ಮೇಲೆ ನಮಗೆ ಅಲ್ಲಿಗೆ ಹೋಗುವ ಮೊದಲೇ ಗೌರವ ಹುಟ್ಟಿತ್ತು. 1981ರಲ್ಲಿ ಪಿರಮಿಡ್ಡಿನಾಕಾರದ ದೊಡ್ಡ ವೇದಿಕೆ ಕಟ್ಟಿಸಿದಾಗ ಚಳಿಗಾಲದಲ್ಲಿ ಅದನ್ನೇ ದನದ ಕೊಟ್ಟಿಗೆ ಮತ್ತು ಮೇವಿನ ಮನೆಯಾಗಿ ಬಳಸಿದರು. ಅದು 1994ರಲ್ಲಿ ಬೆಂಕಿಗೆ ಆಹುತಿಯಾಯಿತು. ಈಗಿರುವುದು 2000ದಲ್ಲಿ ಕಟ್ಟಿದ್ದು. ಕೆಲವು ವರ್ಷಗಳಿಗೊಮ್ಮೆ ಉತ್ಸವ ನಿಲ್ಲಿಸಿ ನೆಲಕ್ಕೆ ವಿಶ್ರಾಂತಿ ಕೊಡುತ್ತಾರೆ. 2018 ಹಾಗೆ ಬಿಟ್ಟ ವರ್ಷ, 2026 ಕೂಡ.

ನಾವು ಹೋದ ವರ್ಷ ಮಳೆ ಇರಲಿಲ್ಲ, ಒಣ ಧೂಳು. ಭಾನುವಾರ ರಾತ್ರಿ ಎಲ್ಟನ್ ಜಾನ್ ಹಾಡಿದ್ದು ನಿಜ, ನಾವು ದೂರದಿಂದ ಬೆರಳುಗುರಿನ ಗಾತ್ರದಲ್ಲಿ ನೋಡಿದ್ದೂ ನಿಜ. ಅದನ್ನು ವರ್ಣಿಸಿ ಪುಟ ತುಂಬಿಸುವುದಿಲ್ಲ. ನೆನಪಿನಲ್ಲಿ ಉಳಿದದ್ದು ಬೇರೆ.

ಎರಡನೆಯ ದಿನ ಮಧ್ಯಾಹ್ನ ಬಿಸಿಲು ತಡೆಯಲಾರದೆ ಒಂದು ಸಣ್ಣ ಡೇರೆಯೊಳಗೆ ಹೊಕ್ಕೆವು. ಒಳಗೆ ಮೂವತ್ತು ನಲವತ್ತು ಜನ ಇರಬಹುದು, ಅದರಲ್ಲಿ ಅರ್ಧ ನಮ್ಮ ಹಾಗೆ ನೆರಳಿಗೆ ಬಂದವರು. ವೇದಿಕೆಯ ಮೇಲೆ ನಾಲ್ಕು ಜನ ಎಳೆಯರು, ಹಾಡುವವಳು ಹುಡುಗಿ. ಮೊದಲ ಹಾಡಿನಲ್ಲಿ ಮೈಕು ಕೈಕೊಟ್ಟಿತು. ಡ್ರಮ್ಮಿನ ಹುಡುಗ ನಿಲ್ಲಿಸಲಿಲ್ಲ, ಬಡಿಯುತ್ತಲೇ ಇದ್ದ. ಆ ಹುಡುಗಿ ವೇದಿಕೆಯ ಅಂಚಿಗೆ ಬಂದು ಬಾಯಿಂದಲೇ, ಮೈಕಿಲ್ಲದೆ ಹಾಡಿದಳು. ಮಾತು ನಮಗೆ ಮುಕ್ಕಾಲು ಪಾಲು ತಿಳಿಯಲಿಲ್ಲ. ಆದರೆ ನೆರಳಿಗೆ ಬಂದು ಕುಳಿತಿದ್ದವರು ಒಬ್ಬೊಬ್ಬರೇ ಎದ್ದು ಮುಂದೆ ಹೋದದ್ದನ್ನು ಕಂಡೆವು. ಮೂರನೆಯ ಹಾಡಿಗೆ ಹೊರಗೆ ಹೋಗುತ್ತಿದ್ದವರು ತಿರುಗಿ ಬಂದರು. ಕೊನೆಯ ಹಾಡಿಗೆ ಡೇರೆ ತುಂಬಿತ್ತು. ನಾವೂ ನಿಂತಿದ್ದೆವು, ಮಂಡಿನೋವು ಮರೆತು. ಹಾಡು ಮುಗಿದ ಮೇಲೆ ಆ ಹುಡುಗಿ ಜನರನ್ನು ನೋಡಿದ ನೋಟ! ಇಷ್ಟು ಜನ ಎಲ್ಲಿಂದ ಬಂದರು ಎಂದು ಅವಳಿಗೇ ಆಶ್ಚರ್ಯವಾದ ಹಾಗಿತ್ತು. ಆಮೇಲೆ ಅವರೇ ತಮ್ಮ ಸಾಮಾನು ಹೊತ್ತು ಕೆಳಗಿಳಿದರು.

ತಂಡದ ಹೆಸರನ್ನು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟಿದ್ದೆವು. ಚೀಟಿ ಅಂಗಿಯ ಸಂಗಡ ಒಗೆತಕ್ಕೆ ಹೋಯಿತು. ಮಗಳಿಗೂ ನೆನಪಿಲ್ಲ. ಅವರು ಮುಂದೆ ಏನಾದರೆಂದು ನಮಗೆ ತಿಳಿಯುವ ಹಾಗಿಲ್ಲ, ಇದು ಈಗಲೂ ಕೊರೆಯುತ್ತದೆ.

ಇಂಥ ತಂಡಗಳಿಗೆ ಅಲ್ಲಿ ‘ಇಂಡಿ’ ಎನ್ನುತ್ತಾರೆ. ಬ್ಯಾಂಡ್ ಎಂದರೆ ನಮ್ಮಲ್ಲಿ ದಿಬ್ಬಣದ ಮುಂದೆ ಹೋಗುವ ಬ್ಯಾಂಡ್‌ಸೆಟ್ಟು, ಇಂಡಿ ಎಂದರೆ ವಿಜಾಪುರದ ಕಡೆಯ ಊರು. ಆದ್ದರಿಂದ ಸ್ವಲ್ಪ ವಿವರಿಸಬೇಕು. ಇಂಡಿಪೆಂಡೆಂಟ್ ಎಂಬ ಮಾತಿನ ಮೊಟಕು ರೂಪ ಇದು. ದೊಡ್ಡ ರೆಕಾರ್ಡು ಕಂಪೆನಿಯ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಮುದ್ರಿಸಿ ಮಾರುವವರು ಎಂದು ಅರ್ಥ. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ತಂಡ ಬಂಧುಮಿತ್ರರಿಂದ 500 ಪೌಂಡ್ ಸಾಲ ತಂದು ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ತಟ್ಟೆಯ 1,000 ಪ್ರತಿ ಒತ್ತಿಸಿತು. ಕೊನೆಗೆ 16,000 ಮಾರಾಟವಾಯಿತು. ಕಾಫಿಯನ್ನು ತಾನೇ ಹುರಿದು ಪುಡಿಮಾಡಿ ಸ್ವಂತ ಹೆಸರಿನಲ್ಲಿ ಮಾರುವ ನಮ್ಮ ಸದಸ್ಯನ ಹಾಗೆ ಇವರು. 1980ರಲ್ಲಿ ಇಂಥ ಹಾಡುಗಳದ್ದೇ ಮಾರಾಟಪಟ್ಟಿ ಶುರುವಾದಾಗ, ಹಾಡು ಯಾವ ಬಗೆಯದು ಎಂಬುದನ್ನು ಯಾರೂ ಕೇಳಲಿಲ್ಲ. ದೊಡ್ಡ ಕಂಪೆನಿಗಳ ಸರಬರಾಜು ವ್ಯವಸ್ಥೆಯ ಹೊರಗೆ ಅದು ಅಂಗಡಿಗೆ ಬಂದಿದೆಯೇ ಎಂಬುದೊಂದೇ ಅರ್ಹತೆ. ಅದೇ ಕಾಲದಲ್ಲಿ ಲಂಡನ್ನಿನ ರಫ್ ಟ್ರೇಡ್ ಅಂಗಡಿಯವರೂ ಊರೂರಿನ ಬೇರೆ ವರ್ತಕರೂ ಕೂಡಿ ‘ಕಾರ್ಟೆಲ್’ ಎಂಬ ಸಹಕಾರಿ ವಿತರಣಾ ಕೂಟ ಕಟ್ಟಿದರು. ಸಂಘದವರಾದ ನಮಗೆ ಇದನ್ನು ಓದಿ ಎಷ್ಟು ಸಂತೋಷವಾಯಿತೆಂದು ಹೇಳಬೇಕಾಗಿಲ್ಲ. ರಫ್ ಟ್ರೇಡಿನ ವಿತರಣಾ ಸಂಸ್ಥೆ 1991ರಲ್ಲಿ ದಿವಾಳಿಯಾಯಿತು ಎಂಬುದನ್ನೂ ಓದಿದೆವು. ಲೆಕ್ಕಪತ್ರದ ವಿಷಯದಲ್ಲಿ ಸಂತೋಷ ಸಾಲದು.

ಸಣ್ಣ ಡೇರೆಯಲ್ಲಿ ಹಾಡಿದವರೆಲ್ಲ ದೊಡ್ಡವರಾಗುತ್ತಾರೆಂದು ನಾವು ಹೇಳುತ್ತಿಲ್ಲ. ಆದವರು ಇದ್ದಾರೆ. ಕೋಲ್ಡ್‌ಪ್ಲೇ ತಂಡ 1999ರಲ್ಲಿ ಗ್ಲಾಸ್ಟನ್‌ಬರಿಯ ಹೊಸಬರ ಡೇರೆಯಲ್ಲಿ ಹಾಡಿತು, 2002ರಲ್ಲಿ ಪಿರಮಿಡ್ ವೇದಿಕೆಯ ರಾತ್ರಿಯ ಮುಖ್ಯ ತಂಡವಾಯಿತು. ಎಡ್ ಶೀರನ್ 2011ರಲ್ಲಿ ಸಣ್ಣ ವೇದಿಕೆಯಲ್ಲಿ ಇದ್ದವನು, 2017ರಲ್ಲಿ ದೊಡ್ಡದಕ್ಕೆ ಏರಿದ. ನಮ್ಮ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ತಮ್ಮ ತಂಡ ಕಟ್ಟಿಕೊಂಡು ಶಿಶುನಾಳ ಶರೀಫರ ಪದಗಳನ್ನು ಹಾಡಿ, 2011ರಲ್ಲಿ ಇದೇ ಗ್ಲಾಸ್ಟನ್‌ಬರಿಯಲ್ಲಿ ಕಾರ್ಯಕ್ರಮ ಕೊಟ್ಟರು. ಪಿಲ್ಟನ್ನಿನ ಹುಲ್ಲುಗಾವಲಿಗೆ ಕನ್ನಡದ ತಂಡ ನಮಗಿಂತ ಹನ್ನೆರಡು ವರ್ಷ ಮುಂಚೆಯೇ ತಲಪಿತ್ತು ಎಂದಾಯಿತು. ಆದರೆ ಪಾತಿಯಲ್ಲಿ ಹಾಕಿದ ಬೀಜವೆಲ್ಲ ಗಿಡವಾಗುತ್ತದೆಯೇ? ಅಲ್ಲಿನ ಬಹುಪಾಲು ತಂಡಗಳು ನಾಲ್ಕು ವರ್ಷ ಹಾಡಿ, ಸಾಲ ಮಾಡಿ, ಒಂದು ದಿನ ಚದುರುತ್ತವೆ. ಈ ಕಾರಣಕ್ಕಾಗಿ ಯಾರೂ ಪಾತಿ ಮಾಡುವುದನ್ನು ನಿಲ್ಲಿಸಿಲ್ಲ ಎಂಬುದಷ್ಟೇ ನಮ್ಮ ಮಾತು. 2004ರಿಂದ ಈವಿಸ್ ಮನೆತನದವರು ಹೊಸಬರಿಗೆ ಒಂದು ಸ್ಪರ್ಧೆ ನಡೆಸುತ್ತಿದ್ದಾರೆ. ಅರ್ಜಿಗೆ ಶುಲ್ಕವಿಲ್ಲ, ಗೆದ್ದವರಿಗೆ ದೊಡ್ಡ ವೇದಿಕೆಯೊಂದರಲ್ಲಿ ಸಮಯ. ನಾವು ಹೋದ ವರ್ಷ ಗೆದ್ದವರು ಗಿನಿ ದೇಶದಿಂದ ಬಂದು ವೇಲ್ಸಿನಲ್ಲಿ ನೆಲೆಸಿದ ನ್ಫಾಮಡಿ ಕುಯಾಟೆ. ಮರದ ಪಟ್ಟಿಗಳ ಕೆಳಗೆ ಸೋರೆಬುರುಡೆ ಕಟ್ಟಿದ ಬಾಲಾಫೋನ್ ಎಂಬ ವಾದ್ಯ ಅವರದು.

ಇನ್ನೊಂದು ಕಡೆಯೂ ಇದೆ. ಅದೇ 2023ರಲ್ಲಿ ಬ್ರಿಟನ್ನಿನ 125 ಸಣ್ಣ ಸಂಗೀತ ಮಂದಿರಗಳು ಬಾಗಿಲು ಹಾಕಿದವು, ಅಥವಾ ಹಾಡಿಸುವುದನ್ನು ಬಿಟ್ಟವು. ಬಾಡಿಗೆ, ವಿದ್ಯುತ್ತಿನ ಬಿಲ್ಲು ಏರಿದ್ದು ಕಾರಣ. ಎಲ್ಟನ್ ಜಾನ್ ಹಾಡಿದ ರಾತ್ರಿ ನೆಲ ಕಾಣದಷ್ಟು ಜನ. ಅವರಲ್ಲಿ ಎಷ್ಟು ಮಂದಿ ತಮ್ಮ ಊರಿನ ಸಣ್ಣ ಮಂದಿರಕ್ಕೆ ಒಂದು ಸಂಜೆ ಹೋಗಿದ್ದರೋ. ದೊಡ್ಡ ಹೆಸರಿಗೆ ಮಾತ್ರ ದುಡ್ಡು ಕೊಡುತ್ತೇವೆ ಎಂದರೆ ದೊಡ್ಡ ಹೆಸರು ಹುಟ್ಟುವ ಜಾಗ ಮುಚ್ಚಿಹೋಗುತ್ತದೆ. ತಮಾಷೆಯೆಂದರೆ, ಈ ಸಂಗತಿಯನ್ನು ಮಗಳಿಗೆ ದೊಡ್ಡದಾಗಿ ಬೋಧಿಸಿ ಊರಿಗೆ ಬಂದ ನಾವೇ ಆರ್ಕೆಸ್ಟ್ರಾದ ಠರಾವಿಗೆ ಸಹಿ ಹಾಕಿದ್ದು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಮೇಳದ ಆಟ ಬಂದಾಗ ದೊಡ್ಡ ವೇಷ ಬರುವುದು ನಡುರಾತ್ರಿಯ ಮೇಲೆ. ಕೋಡಂಗಿ, ಬಾಲಗೋಪಾಲ ಕುಣಿಯುವ ಹೊತ್ತಿಗೆ ಚೌಕಿಯ ಸುತ್ತ ಹುಡುಗರು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಆದರೆ ನಮ್ಮ ಅಜ್ಜಯ್ಯ ಬೇಗ ಊಟ ಮುಗಿಸಿ ಕಂಬಳಿ ಹೊದ್ದು ಮೊದಲೇ ಹೋಗಿ ಕೂರುತ್ತಿದ್ದರು. ಕಲಿಯುವ ಹುಡುಗರು ಕಾಲು ಹಾಕುವುದನ್ನು ಅಲ್ಲೇ ನೋಡಬೇಕು, ಆಮೇಲೆ ಕಿರೀಟ ಬಂದ ಮೇಲೆ ಎಲ್ಲರೂ ನೋಡುತ್ತಾರೆ ಎನ್ನುತ್ತಿದ್ದರು. ಬಾಲಗೋಪಾಲ ಕುಣಿದ ಒಬ್ಬ ಹುಡುಗನಿಗೆ ಅವರು ಕೈಯಲ್ಲಿ ಎರಡು ರೂಪಾಯಿ ಇಟ್ಟದ್ದನ್ನು ನಾವು ಕಂಡಿದ್ದೇವೆ. ಆಗ ಅದು ಸಣ್ಣ ಹಣವಲ್ಲ.

ಸಂಘಕ್ಕೂ ಹಾಡಿಗೂ ಏನು ಸಂಬಂಧ ಎಂದು ಕೇಳುವ ಸದಸ್ಯರಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೆ: ಆರ್ಕೆಸ್ಟ್ರಾಕ್ಕೆ ಸಂಘದ ಹಣ ಕೊಟ್ಟಾಗ ಈ ಪ್ರಶ್ನೆ ಬರಲಿಲ್ಲ. ನಮ್ಮ ತೋಟಗಳಲ್ಲಿ ಮನೆಗೆ ಇಬ್ಬರು ಮುದುಕರು ಉಳಿದಿದ್ದಾರೆ, ಮಕ್ಕಳು ಬೆಂಗಳೂರು ಸೇರಿದ್ದಾರೆ, ನಮ್ಮ ಮಗಳು ಬ್ರಿಸ್ಟಲ್ ಸೇರಿದ್ದಾಳೆ. ಊರಿನಲ್ಲೇ ಉಳಿದು, ಹಗಲು ತೋಟ ನೋಡಿ, ರಾತ್ರಿ ಕಣದ ಮನೆಯಲ್ಲಿ ಹಾಡು ಕಟ್ಟುವ ನಾಲ್ಕು ಹುಡುಗರು ಬಾಗಿಲಿಗೆ ಬಂದಾಗ ನಾವು ಐದು ನಿಮಿಷದಲ್ಲಿ ಕಳಿಸಿಬಿಟ್ಟೆವು. ಅವರ ಹಾಡು ಚೆನ್ನಾಗಿಲ್ಲದೆಯೂ ಇರಬಹುದು. ಕೇಳಿ ಹಾಗೆಂದಿದ್ದರೆ ನ್ಯಾಯವಿತ್ತು.

ಇದನ್ನು ಓದಿ ಯಾರಾದರೂ ತಮ್ಮ ತೋಟವನ್ನೇ ಸಂಗೀತೋತ್ಸವಕ್ಕೆ ಬಾಡಿಗೆಗೆ ಕೊಡಲು ಹೊರಟಾರು! 2012ರಲ್ಲಿ ಕೊಡಗಿನಲ್ಲಿ ‘ಸ್ಟಾರ್ಮ್’ ಎಂಬ ಉತ್ಸವ ನಡೆದ ಮೇಲೆ ಇಂಥ ಮಾತು ಆಗಾಗ ಕೇಳಿಬಂದಿದೆ. ಹುಲ್ಲುಗಾವಲು ತುಳಿದರೆ ಮತ್ತೆ ಚಿಗುರುತ್ತದೆ, ಅದಕ್ಕೂ ಅವರು ವರ್ಷಗಟ್ಟಲೆ ಬಿಡುವು ಕೊಡುತ್ತಾರೆ. ಕಾಫಿಯ ಬೇರು ಮೇಲುಮಣ್ಣಿನಲ್ಲಿದೆ, ಅಡಿಕೆ ತೋಟದ ಬಸಿಗಾಲುವೆ ಒಮ್ಮೆ ಕುಸಿದರೆ ಸರಿಮಾಡಲು ಆಳು ಸಿಗುವುದಿಲ್ಲ. ನಮಗೆ ಬೇಕಾಗಿರುವುದು ಸಂಘದ ಗೋದಾಮಿನ ಮುಂದಿನ ಅಂಗಳ, ಅಷ್ಟೆ.

ಬರುವ ಮಹಾಸಭೆಯ ದಿನ ಆ ಹುಡುಗರಿಗೆ ನಲವತ್ತು ನಿಮಿಷ ಕೊಡಬೇಕೆಂದು ಸಮಿತಿಯ ಮುಂದೆ ಠರಾವು ಇಡುತ್ತಿದ್ದೇವೆ. ಊಟದ ಚೀಟಿ ಹಂಚುವ ಹೊತ್ತಿನಲ್ಲಿ ಅಲ್ಲ. ಲೆಕ್ಕಪತ್ರ ಮಂಜೂರಾದ ಕೂಡಲೇ, ಜನ ಕುರ್ಚಿಯಲ್ಲಿರುವಾಗ. ಸಂಭಾವನೆಯೂ ಸಲ್ಲಬೇಕು, ಶಾಲು ಹಾರದಲ್ಲಿ ಮುಗಿಸುವಂತಿಲ್ಲ. ಸದಸ್ಯರು ಮುಂದಿನ ಸಾಲಿನಲ್ಲಿ ಕುಳಿತು ಕೇಳಬೇಕೆಂದು ಕೋರುತ್ತೇವೆ. ಇಷ್ಟವಾಗದಿದ್ದರೆ ಮರುದಿನ ಕಛೇರಿಗೆ ಬಂದು ನಮ್ಮನ್ನು ಬಯ್ಯಬಹುದು.

ಕಳೆದ ವಾರ ನಾವೇ ಅವರಲ್ಲೊಬ್ಬನ ಮನೆಗೆ ಹೋಗಿ ವಿಷಯ ತಿಳಿಸಿದೆವು. ಹುಡುಗ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ. ‘ಠರಾವು ಪಾಸಾಗುತ್ತದಾ ಮಾವ?’ ಎಂದು ಕೇಳಿದ. ಪ್ರಯತ್ನ ಮಾಡುತ್ತೇವೆ ಎಂದೆವು. ಸ್ವಲ್ಪ ಯೋಚಿಸಿ, ಕರೆಂಟು ಹೋದರೆ ಜನರೇಟರ್ ಇರುತ್ತದೆಯೇ ಎಂದು ಕೇಳಿದ. ಸಂಘದ ಜನರೇಟರ್ ಕೆಟ್ಟು ಮೂರು ತಿಂಗಳಾಯಿತು. ರಿಪೇರಿಯ ಖರ್ಚನ್ನೂ ಅದೇ ಠರಾವಿನಲ್ಲಿ ಸೇರಿಸಿದ್ದೇವೆ.