ಹೊತ್ತು ಮುಳುಗುವ ಮುನ್ನ

ಧರ್ಮವು ಎಲ್ಲಿ ಹುಟ್ಟುವದೆಂಬ ವಿಚಾರವನ್ನು ಪಂಡಿತರು ಮಾಡಲಿ. ಅದು ಒರೆಗೆ ಹತ್ತುವ ಸ್ಥಳಗಳು ಮಾತ್ರ ಹೊಲ, ಅಂಗಡಿ, ಅಡಿಗೆಯ ಮನೆಗಳೇ ಎಂಬದರಲ್ಲಿ ಎರಡು ಮಾತಿಲ್ಲ. ದೇವರ ಮುಂದೆ ಕೈಜೋಡಿಸಿ ಕುಳಿತ ಒಂದು ತಾಸಿನಲ್ಲಿ ಯಾವ ಮನುಷ್ಯನೂ ಸುಳ್ಳು ತೂಗುವದಿಲ್ಲ, ಆಳುಮಗನನ್ನು ಬಯ್ಯುವದಿಲ್ಲ. ಆ ತಾಸು ಕಳೆದ ಮೇಲೆ ವಾರದಲ್ಲಿ ಉಳಿಯುವ 167 ತಾಸುಗಳಲ್ಲಿ ಆತನು ಹೇಗಿರುವನೆಂಬದೇ ಪ್ರಶ್ನೆ. ಈ ತಿಂಗಳು ಕ್ರೈಸ್ತ ಗೃಹಸ್ಥನ ನಿತ್ಯಜೀವನವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಲು ಬಯಸಿದ್ದೇವೆ. ಅನ್ಯ ಮತದ ವಾಚಕರು ‘ಇದು ನಮ್ಮದಲ್ಲ’ವೆಂದು ಪುಟ ತಿರುವದಿರಲಿ. ಮತ ಯಾವದೇ ಇರಲಿ, ಕೂಲಿ ಕೊಡುವ ಕೈ ಎಲ್ಲರಿಗೂ ಇರುವದು.

ಮೊದಲು ಒಂದು ಶಬ್ದವನ್ನು ಬಿಡಿಸಿ ನೋಡುವಾ. ಕನ್ನಡ ಕ್ರೈಸ್ತರು ನಿತ್ಯ ಬಳಸುವ ಮಾತು ‘ವಿಶ್ವಾಸ’. ‘ಶ್ವಸ್’ ಎಂಬ ಧಾತುವಿಗೆ ಉಸಿರಾಡುವದೆಂದು ಅರ್ಥ. ‘ವಿ’ ಎಂಬ ಉಪಸರ್ಗವು ಸೇರಲು, ಅಂಜಿಕೆಯಿಲ್ಲದೆ ನಿರಾಳವಾಗಿ ಉಸಿರಾಡುವದು, ಅರ್ಥಾತ್ ಭರವಸೆಯಿಂದಿರುವದು ಎಂಬ ಅರ್ಥವು ಹೊರಡುವದು. ಹೀಗಿರಲು, ತಾನೊಬ್ಬನೇ ದೇವರ ಮುಂದೆ ನಿರಾಳವಾಗಿ ಉಸಿರಾಡಿದರೆ ವಿಶ್ವಾಸಿಯ ಕೆಲಸ ಮುಗಿಯಲಿಲ್ಲ. ಅವನ ಆಶ್ರಯದಲ್ಲಿ ದುಡಿಯುವವರೂ, ಅವನೊಡನೆ ವ್ಯವಹಾರ ಮಾಡುವವರೂ, ಅವನ ಮನೆಯ ಹೆಣ್ಣುಮಕ್ಕಳೂ ಹಾಗೆಯೇ ಉಸಿರಾಡುವಂತಿರಬೇಕು. ಯಾವನ ಕಾಲಸಪ್ಪಳ ಕೇಳಿದೊಡನೆ ಮನೆಯವರ ಉಸಿರು ಬಿಗಿಯುವದೋ, ಆತನು ಎಷ್ಟು ಪ್ರಾರ್ಥನೆ ಮಾಡಿದರೂ ವಿಶ್ವಾಸಿಯೆಂಬ ಹೆಸರಿಗೆ ಇನ್ನೂ ದೂರದಲ್ಲಿದ್ದಾನೆಂದೇ ತಿಳಿಯತಕ್ಕದ್ದು.

ನಮ್ಮ ಧಾರವಾಡ ಸೀಮೆಗೆ ಈ ವಿಷಯ ಹೊಸದಲ್ಲ. ಸ್ವಿತ್ಝರ್ಲಂಡ ದೇಶದ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆಗಳನ್ನು ಮಾಡಿಕೊಂಡರು. ಶಾಲೆ, ಮುದ್ರಣಾಲಯ, ದವಾಖಾನೆಗಳು ಅವರಿಂದ ಬಂದವು. 1894ರಲ್ಲಿ ಅಚ್ಚಾದ ಕಿಟ್ಟೆಲ್ ಸಾಹೇಬರ ನಿಘಂಟಿನ ಹೆಸರನ್ನು ಕೇಳದ ಕನ್ನಡ ಮಾಸ್ತರನಿಲ್ಲ. ಆದರೆ ಇವೆಲ್ಲ ದೊಡ್ಡವರ ದೊಡ್ಡ ಕೆಲಸಗಳು. ಅದೇ ಕಾಲದಲ್ಲಿ ಈ ಮತವನ್ನು ಹಿಡಿದ ಸಾಮಾನ್ಯ ಮನುಷ್ಯನ ಗತಿಯೇನಾಯಿತೆಂಬದನ್ನೂ ನೆನೆಯಬೇಕು. ಜಾತಿಯಿಂದ ಹೊರಬಿದ್ದವನಿಗೆ ಊರ ಬಾವಿಯ ನೀರು, ಬಂಧುಗಳ ಪಂಕ್ತಿ, ಕುಲದ ಕಸಬು ಒಂದೊಂದಾಗಿ ತಪ್ಪುತ್ತಿದ್ದವು. ಮತಾಂತರದಿಂದ ಪಿತ್ರಾರ್ಜಿತ ಆಸ್ತಿಯ ಹಕ್ಕು ಹೋಗಬಾರದೆಂದು ಸರಕಾರವು 1850ರಲ್ಲಿ ಕಾಯದೆಯನ್ನೇನೋ ಮಾಡಿತು. ಆದರೆ ನೆರೆಮನೆಯವರ ಮನಸ್ಸಿಗೆ ಕಾಯದೆಯಿಲ್ಲವಷ್ಟೆ. ಇಂಥವರಿಗೆ ಬರಿಯ ಉಪದೇಶದಿಂದ ಹೊಟ್ಟೆ ತುಂಬದೆಂದು ಮಿಶನ್ನಿನವರು ನೇಯ್ಗೆಯ ಕೆಲಸವನ್ನು ನಡಿಸಿದರು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರಖಾನೆಯನ್ನು ತೆಗೆದರು. ಸಂಬಳ ಕೊಡುವವನೂ ಸಭೆ ನಡಿಸುವವನೂ ಒಬ್ಬನೇ ಆದಲ್ಲಿ ತೊಡಕುಗಳು ಬಾರದೆ ಇರವು. ಆದರೂ ಆತ್ಮಕ್ಕೆ ಒಂದು ಲೆಕ್ಕ, ಅನ್ನಕ್ಕೆ ಮತ್ತೊಂದು ಲೆಕ್ಕ ಎಂದು ಬೇರೆ ಬೇರೆ ವಹಿಗಳನ್ನು ಇಡಬಾರದೆಂಬ ಮುಖ್ಯ ಪಾಠವು ಅದರಲ್ಲಿ ಉಂಟು.

ಈ ಪಾಠವನ್ನು ಬಾಳಿ ತೋರಿಸಿದ ಒಬ್ಬ ಮಹನೀಯರು ನಮ್ಮ ಸೀಮೆಯವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಶನ್ನಿನ ಬೋಧಕರಾಗಿ ಸೇವೆ ಮಾಡಿದರು. ಪಾದ್ರಿಯ ಕೆಲಸವೆಂದರೆ ತನ್ನ ಮಾತನ್ನು ಊರವರಿಗೆ ಹೇಳುವದಷ್ಟೇ ಎಂದು ಬಗೆಯದೆ, ಊರವರ ಮಾತನ್ನು ತಾನು ಕೇಳುವದೂ ಅದರಲ್ಲಿ ಸೇರಿದೆಯೆಂದು ಅವರು ತಿಳಿದರು. ಜನರ ಬಾಯಲ್ಲಿಯೂ ಹಸ್ತಪ್ರತಿಗಳಲ್ಲಿಯೂ ಚೆದರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಒಂದೊಂದಾಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಕ್ರಿಸ್ತನಲ್ಲಿ ಇಟ್ಟ ಭಕ್ತಿಯಿಂದ ಬಸವಣ್ಣನವರ ಮೇಲಿನ ಗೌರವವು ಅವರಲ್ಲಿ ಕುಂದಲಿಲ್ಲ. ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥವನ್ನೇ ಬರೆದರು. 1949ರಲ್ಲಿ ಕಲಬುರ್ಗಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡವರು ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ನೆರೆಯವನನ್ನು ಪ್ರೀತಿಸಬೇಕೆಂಬ ಕಟ್ಟಳೆಗೆ, ನೆರೆಯವನ ಮಾತನ್ನು ಕಿವಿಗೊಟ್ಟು ಕೇಳುವದೂ ಒಂದು ಅರ್ಥವೆಂದು ಅವರ ಬಾಳಿನಿಂದ ತಿಳಿದುಬರುವದು.

ಇನ್ನು ನಮ್ಮ ನಿಮ್ಮಂಥವರ ಮಾತಿಗೆ ಬರುವಾ. ನಾವು ಗ್ರಂಥ ಬರೆಯುವವರಲ್ಲ, ಸಮ್ಮೇಳನ ನಡಿಸುವವರಲ್ಲ. ಆದರೆ ಕುಂದಗೋಳದ ಸುತ್ತಲಿನ ಎರೆಭೂಮಿಯಲ್ಲಿ ನಾಲ್ಕಾರು ಎಕರೆ ಹೊಲವುಳ್ಳ ಯಾವ ಒಕ್ಕಲಿಗನಿಗಾದರೂ ವರ್ಷಕ್ಕೊಮ್ಮೆ ತಪ್ಪದೆ ಒಂದು ಪರೀಕ್ಷೆ ಬರುವದು. ಅದು ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲ. ಮುಂಜಾನೆ ಬುತ್ತಿ ಕಟ್ಟಿಕೊಂಡು ಹೆಣ್ಣಾಳುಗಳು ಬರುವರು. ಸಂಜೆಯವರೆಗೆ ಬೆನ್ನು ಬಗ್ಗಿಸಿ, ಉಡಿ ತುಂಬಿಸಿ, ಹೊಲದ ಬದುವಿನಲ್ಲಿ ರಾಶಿ ಹಾಕುವರು. ಹೊರಡುವ ಹೊತ್ತಿಗೆ ಒಡೆಯನು, “ಮಾಲು ಮಾರಿದ ಮ್ಯಾಲೆ ಎಲ್ಲಾ ಕೂಡಿಸಿ ಕೊಡ್ತೇನವಾ” ಎನ್ನುವನು. ಆಕೆ “ಆಗಲ್ರಿ ಯಪ್ಪಾ” ಎಂದು ಹೋಗುವಳು. ಬೇರೇನೆಂದಾಳು? ನಾಳೆಯೂ ಕೆಲಸ ಬೇಕಲ್ಲವೆ?

ಈ ಮಾತಿನಲ್ಲಿ ಕೆಡುಕೇನಿದೆಯೆಂದು ಅನೇಕ ಸದ್ಗೃಹಸ್ಥರು ಕೇಳುವರು. ‘ನಾವೇನು ಮುಳುಗಿಸುವವರೆ? ಹದಿನೈದು ದಿವಸ ಹೆಚ್ಚು ಕಡಿಮೆಯಾದೀತು, ಅಷ್ಟೆ.’ ಸೂಕ್ಷ್ಮವಾಗಿ ವಿಚಾರಿಸಿದರೆ ಇದರ ಸ್ವರೂಪವು ಬೇರೆಯೇ ಇದೆ. ತಡೆದ ಕೂಲಿಯೆಂದರೆ ಪಡೆದ ಸಾಲ. ಬಡ್ಡಿಯಿಲ್ಲ, ಪತ್ರವಿಲ್ಲ, ಕೊಟ್ಟವಳ ಒಪ್ಪಿಗೆಯೂ ನಿಜವಾಗಿ ಇಲ್ಲ. ಹೊಲವುಳ್ಳವನು ಹೊಲವಿಲ್ಲದವಳ ಹತ್ತಿರ ಮಾಡಿದ ಸಾಲವಿದು! ಬಡ್ಡಿಯಿಲ್ಲವೆಂದೆವಷ್ಟೆ, ಒಡೆಯನಿಗೆ ಇಲ್ಲ, ಆಕೆಗೆ ಉಂಟು. ಕೈಯಲ್ಲಿ ರೊಕ್ಕವಿಲ್ಲದ ಕಾರಣ ಆಕೆ ಜೋಳ, ಎಣ್ಣೆ, ಬೇಳೆಗಳನ್ನು ಅಂಗಡಿಯಲ್ಲಿ ಉದ್ರಿ ತರುವಳು. ಉದ್ರಿಯವನು ಹೇಳಿದ ಧಾರಣೆಗೆ, ಅವನು ಕೊಟ್ಟ ಮಾಲಿಗೆ ಸುಮ್ಮನಿರಬೇಕು. ಮಗುವಿಗೆ ಜ್ವರ ಬಂದರೆ ಕೈಗಡ. ಹೀಗೆ ಒಡೆಯನು ಉಳಿಸಿಕೊಂಡ ಹದಿನೈದು ದಿನಗಳ ಬಡ್ಡಿಯನ್ನು ಆಕೆಯೇ ತೆರುವಳು.

ಇದಕ್ಕಾಗಿಯೇ ಮೋಶೆಯ ಧರ್ಮಶಾಸ್ತ್ರವು ಬಡ ಕೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲೇ ಕೊಡಬೇಕೆಂದು ವಿಧಿಸಿತು. ಆತನ ಜೀವವು ಅದರ ಮೇಲೆಯೇ ನಿಂತಿರುವದೆಂಬ ಕಾರಣವನ್ನೂ ಅಲ್ಲಿಯೇ ಹೇಳಿದೆ. ಯೇಸುಸ್ವಾಮಿಯು ಹೇಳಿದ ದ್ರಾಕ್ಷೇತೋಟದ ಸಾಮ್ಯದಲ್ಲಿಯೂ ಒಡೆಯನು ಸಂಜೆಯಾದೊಡನೆ ಪಾರುಪತ್ಯಗಾರನನ್ನು ಕರೆದು ಕೂಲಿ ಕೊಡಿಸುತ್ತಾನೆ. ಮಾಲು ಮಾರಲೆಂದು ಕಾಯುವದಿಲ್ಲ. ಯಾಕೋಬನ ಪತ್ರಿಕೆಯಂತೂ ತಡೆದಿಟ್ಟ ಕೂಲಿಯೇ ಬಾಯಿಬಿಟ್ಟು ಕೂಗುವದೆಂದು ಎಚ್ಚರಿಸುವದು. ನಮ್ಮ ಪ್ರಾಚೀನರೂ ಈ ವಿಷಯದಲ್ಲಿ ಕುರುಡರಾಗಿರಲಿಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ವೇತನವನ್ನು ಕೊಡದವನಿಗೆ ದಂಡವನ್ನು ವಿಧಿಸಿದ್ದಾನೆ. ಆದಕಾರಣ ಇದು ಒಂದು ಮತದ ಹಟವಲ್ಲ; ಮನುಷ್ಯಜಾತಿಯ ಹಳೆಯ ವಿವೇಕ.

ಒಕ್ಕಲಿಗನ ಕಷ್ಟವೂ ಸುಳ್ಳಲ್ಲ. ಅಡತಿ ಅಂಗಡಿಯವನು ತಡ ಮಾಡುವನು, ಧಾರಣೆ ಬೀಳುವದು, ಅಕಾಲದ ಮಳೆಗೆ ಹತ್ತಿ ಕಪ್ಪಾಗುವದು. ಕೈಯಲ್ಲಿ ನಿಜವಾಗಿಯೂ ರೊಕ್ಕವಿರದ ದಿವಸಗಳುಂಟು. ಅಂಥವನಿಗೆ ನಾವು ಹೇಳತಕ್ಕದ್ದು ಮೂರು ಮಾತು. ಮೊದಲನೆಯದು, ಕೆಲಸಕ್ಕೆ ಕರೆಯುವಾಗಲೇ ಇದ್ದದ್ದನ್ನು ಹೇಳಬೇಕು. ದುಡಿಸಿಕೊಂಡ ಮೇಲೆ ಹೇಳಿದ ಸತ್ಯವು ಅರ್ಧ ಸುಳ್ಳು. ಎರಡನೆಯದು, ಸಾಲ ಮಾಡುವದೇ ಆದರೆ ಸೊಸಾಯಿಟಿಯಲ್ಲಿ ತನ್ನ ಹೆಸರಿನಿಂದ ಮಾಡಬೇಕು. ಕೂಲಿಯವಳ ಹೊಟ್ಟೆಯ ಮೇಲೆ ಮಾಡಬಾರದು. ಮೂರನೆಯದು, ಪೂರ್ಣ ಕೊಡಲಾಗದಿದ್ದರೆ ಅರ್ಧವನ್ನಾದರೂ ಆ ಸಂಜೆಯೇ ಕೊಟ್ಟು, ಉಳಿದದ್ದನ್ನು ಅವಳ ಎದುರಿಗೇ ಬರೆದಿಡಬೇಕು. ಕೈಯೊಳಗಿನ ಫೋನಿನಿಂದ ಕ್ಷಣದಲ್ಲಿ ಹಣ ಕಳಿಸುವ ಈ ಕಾಲದಲ್ಲಿ ‘ಚಿಲ್ಲರೆ ಇಲ್ಲ’ವೆಂಬ ಹಳೆಯ ನೆವವಂತೂ ನಡೆಯಲಾರದು. ಅದರಂತೆಯೇ ಒಂದೇ ಸಾಲಿನಲ್ಲಿ ಒಂದೇ ಕೆಲಸ ಮಾಡಿದ ಗಂಡಾಳಿಗೆ ಹೆಚ್ಚು, ಹೆಣ್ಣಾಳಿಗೆ ಕಡಿಮೆ ಕೊಡುವ ರೂಢಿಯನ್ನೂ ಬಿಡತಕ್ಕದ್ದು. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಕಾಯದೆ ನಮ್ಮ ದೇಶದಲ್ಲಿ 1976ರಲ್ಲಿಯೇ ಆಯಿತು. ಹೊಲದ ಬದುವನ್ನು ದಾಟಿ ಒಳಗೆ ಬರಲು ಅದಕ್ಕೆ ಇಷ್ಟು ವರ್ಷ ಸಾಲದಾದವೇನು?

ನಮ್ಮ ಸಭೆಗಳಲ್ಲಿ ಸುಗ್ಗಿಯ ಹಬ್ಬವನ್ನು ಮಾಡುವ ಪದ್ಧತಿಯುಂಟು. ಒಕ್ಕಲಿಗರು ಜೋಳ, ಗೋದಿ, ಹತ್ತಿ, ಮೆಣಸಿನಕಾಯಿ, ಕಾಯಿಪಲ್ಯಗಳ ಮೊದಲ ಫಲವನ್ನು ದೇವಾಲಯಕ್ಕೆ ತಂದು ಒಪ್ಪಿಸುವರು. ಬಳಿಕ ಅದರ ಲಿಲಾವು ಆಗುವದು. ಬಹು ಸುಂದರವಾದ ಹಬ್ಬ. ಆದರೆ ಒಪ್ಪಿಸುವ ಮುಂಚೆ ಪ್ರತಿಯೊಬ್ಬನೂ ತನ್ನ ಬುಟ್ಟಿಯನ್ನು ಒಮ್ಮೆ ಪ್ರಶ್ನಿಸಬೇಕು. ಈ ಮೆಣಸಿನಕಾಯಿಯನ್ನು ಹರಿದ ಕೈಗೆ ಅದರ ಕೂಲಿ ಮುಟ್ಟಿದೆಯೆ? ಮುಟ್ಟಿಲ್ಲದಿದ್ದರೆ ಅದು ಇನ್ನೂ ನಮ್ಮದಾಗಿಲ್ಲ. ನಮ್ಮದಲ್ಲದ್ದನ್ನು ದೇವರಿಗೆ ಕೊಡುವದು ದಾನವಾದೀತೆ? ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲಿಯೇ ಇಟ್ಟು ಮೊದಲು ಅವನ ಹತ್ತಿರ ಹೋಗೆಂದು ಸ್ವಾಮಿಯು ಬೋಧಿಸಿದ ಮಾತಿಗೆ ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಬುಟ್ಟಿಯನ್ನು ದೇವಾಲಯದ ಕಟ್ಟೆಯ ಮೇಲಿಟ್ಟು, ಕೇರಿಗೆ ಹೋಗಿ ಬಾಕಿ ತೀರಿಸಿ ಬಂದರೆ, ಆರಾಧನೆಗೆ ತುಸು ತಡವಾದೀತು, ದೇವರು ಬೇಸರಪಡಲಾರನು. ಹಾಗೆಯೇ ಕ್ರಿಸ್‌ಮಸ್ಸಿಗೆ ಆಳುಮಗಳಿಗೆ ಸೀರೆ ಉಡಿಸುವವರು, ಆಕೆಯ ಬಾಕಿಯನ್ನು ಇಟ್ಟುಕೊಂಡು ಉಡಿಸಬಾರದು. ಋಣ ತೀರಿಸಿದ ಮೇಲೆ ಕೊಟ್ಟದ್ದು ಪ್ರೀತಿ. ತೀರಿಸದೆ ಕೊಟ್ಟದ್ದು ಅವಳದೇ ರೊಕ್ಕದಿಂದ ನಾವು ಕೊಂಡ ಕೀರ್ತಿ.

ಮನೆಯೊಳಗಿನ ಮಾತನ್ನು ಮರೆಯಬಾರದು. ಹೊರಗಿನ ಕೂಲಿಯನ್ನು ಲೆಕ್ಕ ಹಾಕುವವರೂ ಒಳಗಿನ ದುಡಿತವನ್ನು ಲೆಕ್ಕಕ್ಕೆ ತರುವದಿಲ್ಲ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿಯುವ ಸೊಸೆಗೆ ರೊಕ್ಕದ ಕೂಲಿ ಬೇಡ. ಆದರೆ ಅವಳು ಹಸಿದಿರುವಾಗ ತಾವು ಉಂಡು ಕೈತೊಳೆದು ಏಳುವ ಮನೆಯಲ್ಲಿ, ಊಟದ ಮುಂಚಿನ ಸ್ತೋತ್ರಕ್ಕೆ ಅರ್ಥವೇನು? ರಾತ್ರಿಯ ಪ್ರಾರ್ಥನೆಗೆ ಮನೆಯವರೆಲ್ಲ ಕೂಡಿದಾಗ ಭಾಂಡೆ ತೊಳೆಯುತ್ತ ಒಬ್ಬಳೇ ಹಿಂದುಳಿಯುವದಾದರೆ, ಎಲ್ಲರೂ ಕೂಡಿ ಮೊದಲು ಭಾಂಡೆಗಳನ್ನು ತೊಳೆಯುವದೇ ಆ ರಾತ್ರಿಯ ಪ್ರಾರ್ಥನೆಯ ಆರಂಭವಾಗಲಿ. ಸ್ವಾಮಿಯು ಶಿಷ್ಯರ ಕಾಲುಗಳನ್ನೇ ತೊಳೆದಿರಲು, ನಾವು ಗಂಗಾಳಗಳನ್ನು ತೊಳೆದರೆ ಯಾವ ಹಿರಿಮೆ ಹೋದೀತು?

ನೆರೆಹೊರೆಯ ವಿಷಯದಲ್ಲಿ ನಮ್ಮ ತಾಲೂಕಿನ ಕಳಸದ ಗೋವಿಂದಭಟ್ಟರನ್ನು ನೆನೆದರೆ ಸಾಕು. ಬ್ರಾಹ್ಮಣರಾದ ಅವರು ಶಿಶುನಾಳದ ಶರೀಫರನ್ನು ಶಿಷ್ಯರನ್ನಾಗಿ ಅಂಗೀಕರಿಸಿದ ಕಥೆಯನ್ನು ಈ ಭಾಗದ ಮಕ್ಕಳೂ ಬಲ್ಲರು. ಶರೀಫರು 1889ರಲ್ಲಿ ತೀರಿಕೊಂಡರೂ ಆ ಗುರುಶಿಷ್ಯರ ಹೆಸರುಗಳು ಇಂದಿಗೂ ಒಂದೇ ಉಸಿರಿನಲ್ಲಿ ಬರುವವು. ಇಂಥ ನೆಲದಲ್ಲಿ ಬಾಳುವ ಕ್ರೈಸ್ತನು ತನ್ನ ವಿಶ್ವಾಸವನ್ನು ಬಚ್ಚಿಡಬೇಕಾಗಿಲ್ಲ. ಅದನ್ನು ಹಿಡಿದುಕೊಂಡು ಪರರನ್ನು ಹೀನಾಯಿಸಬೇಕಾಗಿಯೂ ಇಲ್ಲ. ತೂಕ ಸರಿ, ಮಾತು ಸರಿ, ಕೂಲಿ ಸರಿ ಇದ್ದವನ ಮತವನ್ನು ಜನರು ತಾವಾಗಿಯೇ ವಿಚಾರಿಸುವರು.

ಆದುದರಿಂದ ಪ್ರಿಯ ವಾಚಕರೇ, ಈ ತಿಂಗಳಿಗೆ ಒಂದೇ ಚಿಕ್ಕ ನೇಮವನ್ನು ಹಿಡಿಯಿರಿ. ನಿತ್ಯ ದೀಪ ಹಚ್ಚುವ ಹೊತ್ತಿಗೆ, ಇಂದು ನಮಗಾಗಿ ದುಡಿದವರು ಯಾರು, ಅವರಿಗೆ ಸಲ್ಲಬೇಕಾದ್ದು ಸಂದಿತೆ, ಎಂದು ಮನೆಯವರೆಲ್ಲ ಕೂಡಿ ಕೇಳಿಕೊಳ್ಳಿರಿ. ಹಾಲಿನವನು, ಅಗಸರವಳು, ಕಸ ಬಳಿಯುವವಳು, ಹೊಲದ ಆಳು, ಯಾರೇ ಇರಲಿ. ಸಂದಿದ್ದರೆ ಪ್ರಾರ್ಥನೆಗೆ ಕುಳ್ಳಿರಿ. ಸಂದಿಲ್ಲದಿದ್ದರೆ ಕಾಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಡಿರಿ. ಹೊತ್ತು ಇನ್ನೂ ಪೂರ್ಣ ಮುಳುಗಿರಲಾರದು.